ಜ್ಯೂ ಟೌನ್ ಓಣಿಯೋ, ಫೋರ್ಟ್ ಕೊಚ್ಚಿ ಹೋಂಸ್ಟೇಯೋ?

ಕೇರಳದ ಕೊಚ್ಚಿಗೆ ಹೋದರೆ ಎಲ್ಲಿ ಉಳಿಯುವುದು? ಎರಡೂ ಕಡೆ ಉಳಿದು ನೋಡಿದ ಮೇಲೆ ನನ್ನ ವೋಟು ಮಟ್ಟಂಚೇರಿಯ ಜ್ಯೂ ಟೌನ್, ಅಂದರೆ ಹಳೇ ಯಹೂದಿ ಕೇರಿಯ ಓಣಿಗೇ. ಫೋರ್ಟ್ ಕೊಚ್ಚಿಯಲ್ಲಿ ಹೋಂಸ್ಟೇಗಳು ಬೇಕಾದಷ್ಟಿವೆ, ಬಾಡಿಗೆಯೂ ಕೈಗೆಟುಕುತ್ತದೆ. ಓಣಿಯ ಹಳೇ ಮನೆ ಹೋಟೆಲುಗಳಲ್ಲಿ ಕೋಣೆಗಳೇ ಕಡಿಮೆ, ಹಾಗಾಗಿ ದುಬಾರಿ.

ಆದರೂ ಓಣಿ ಯಾಕೆಂದರೆ ಬೆಳಗಿನ ಹೊತ್ತಿಗಾಗಿ. ಇಲ್ಲಿನ 1568ರ ಪರದೇಸಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಬಾಗಿಲು ತೆಗೆಯುವುದು ಹತ್ತಕ್ಕೆ. ಆಮೇಲೆ ಟೂರಿಸ್ಟ್ ಗುಂಪುಗಳದ್ದೇ ರಾಜ್ಯ. ಏಳು ಗಂಟೆಗೆ ಅದೇ ಓಣಿ ಖಾಲಿ. ಅಂಗಡಿಯವರು ಶಾಲು, ಬಟ್ಟೆ ನೇತುಹಾಕಿ ಗೋಡೆ ಮುಚ್ಚುವ ಮೊದಲು ಕಿಟಕಿಗಳ ಕಂಬಿಯಲ್ಲಿ ಆರು ಮೂಲೆಯ ನಕ್ಷತ್ರ ಕಾಣುತ್ತದೆ. ಸಿನಗಾಗ್‌ನ ಗಡಿಯಾರ ಗೋಪುರವನ್ನು ನಿಂತು ನೋಡಬಹುದು. ಗೋದಾಮುಗಳ ಕಡೆಯಿಂದ ಒಣಶುಂಠಿಯ ಘಾಟು ಬರುತ್ತದೆ. ಫೋರ್ಟ್ ಕೊಚ್ಚಿಯಿಂದ ಆಟೋ ಹಿಡಿದು ಬರುವವರಿಗೆ ಈ ಹೊತ್ತು ಸಿಗುವುದು ಅಪರೂಪ.

ಓಣಿಯಲ್ಲಿ ಒಂದೇ ಒಂದು ಕಿರಿಕಿರಿ, ಆದರೆ ಅದು ನಿದ್ದೆಯನ್ನೇ ಕೆಡಿಸುವಂಥದ್ದು: ಮರದ ನೆಲ. ಈ ಮನೆಗಳಲ್ಲಿ ಕೆಳಗೆ ಅಂಗಡಿ ಇಲ್ಲವೇ ಗೋದಾಮು, ಮೇಲೆ ವಾಸ. ತೊಲೆಯ ಮೇಲೆ ನೇರವಾಗಿ ಹಲಗೆ ಬಡಿದಿರುತ್ತಾರೆ, ನಡುವೆ ಸದ್ದು ತಡೆಯುವ ಪದರವಿಲ್ಲ. ಮೇಲಿನವರು ರಾತ್ರಿ ಬಾತ್‌ರೂಮಿಗೆ ಎದ್ದರೆ ಹಿಮ್ಮಡಿಯ ಒಂದೊಂದು ಹೆಜ್ಜೆಯೂ ನಿಮ್ಮ ತಲೆಯ ಮೇಲೇ ಬಿದ್ದಂತೆ. ಹಲಗೆ ಸಂದಿನಿಂದ ಬೆಳಕೂ ಇಳಿಯುತ್ತದೆ. ಇಯರ್‌ಪ್ಲಗ್ ಇದಕ್ಕೆ ಅರ್ಧ ಮದ್ದು ಮಾತ್ರ, ಏಕೆಂದರೆ ಸದ್ದಿನ ಜೊತೆ ಮಂಚವೂ ಸಣ್ಣಗೆ ಅದುರುತ್ತದೆ.

ಪರಿಹಾರ ಬುಕಿಂಗ್ ಮಾಡುವಾಗಲೇ ಇದೆ. ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ನನ್ನ ಕೋಣೆಯ ಮೇಲೆ ಇನ್ನೊಂದು ಕೋಣೆ ಇದೆಯೇ? ಸೂರು ಹಲಗೆಯದೋ, ಕಾಂಕ್ರೀಟಿನದೋ? ಕಿಟಕಿ ಓಣಿಗೋ, ಒಳ ಅಂಗಳಕ್ಕೋ? ಹೆಂಚಿನ ಮಾಡಿನಡಿಯ ಕೊನೇ ಅಂತಸ್ತು ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ, ಆದರೆ ಎಸಿ ಇರಲೇಬೇಕು, ಮಧ್ಯಾಹ್ನ ಹೆಂಚು ಕಾಯುತ್ತದೆ. ಮೆಟ್ಟಿಲು ಕಡಿದು, ದೊಡ್ಡ ಸೂಟ್‌ಕೇಸ್ ತಿರುಗುವುದಿಲ್ಲ. ಹೆಗಲಿಗೆ ಹಾಕುವ ಬ್ಯಾಗೇ ಲೇಸು. ಮಳೆಗಾಲದಲ್ಲಿ ಟವೆಲ್ ಒಣಗುವುದಿಲ್ಲ, ಇನ್ನೊಂದು ಜೊತೆ ಕೇಳಿಟ್ಟುಕೊಳ್ಳಿ.

ಫೋರ್ಟ್ ಕೊಚ್ಚಿಯ ಕಾಂಕ್ರೀಟ್ ಮನೆಗಳಲ್ಲಿ ಈ ಗೋಳಿಲ್ಲ. ಸಂಜೆ ಕಡಲಂಚಿನ ಚೀನೀ ಮೀನುಬಲೆಗಳವರೆಗೆ ನಡೆದೇ ಹೋಗಬಹುದು, ರಾತ್ರಿ ಊಟಕ್ಕೂ ಪರದಾಟವಿಲ್ಲ. ಓಣಿಯಲ್ಲಿ ಕತ್ತಲಾಗುತ್ತಲೇ ಅಂಗಡಿಗಳು ಬಾಗಿಲು ಹಾಕುತ್ತವೆ, ಊಟ ಬೇಗ ಮುಗಿಸಬೇಕು ಇಲ್ಲವೇ ಆಟೋ ಹತ್ತಬೇಕು. ಸಸ್ಯಾಹಾರಿಗಳಿಗೆ ಮಾತ್ರ ಮಟ್ಟಂಚೇರಿಯೇ ಮೇಲು: ಗುಜರಾತಿ ಸಸ್ಯಾಹಾರಿ ಊಟ ಸಿಗುವ ಗುಜರಾತಿ ರೋಡ್ ಇದೆ.

ಎದುರು ದಡದ ಎರ್ನಾಕುಳಂನಲ್ಲಿ ಉಳಿದರೆ ರೈಲಿಗೆ ಅನುಕೂಲ, ಅಷ್ಟೇ.

ಓಡಾಟದಲ್ಲಿ ಈಗ ದೊಡ್ಡ ವ್ಯತ್ಯಾಸವಿಲ್ಲ. ಎರ್ನಾಕುಳಂನ ಹೈಕೋರ್ಟ್ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ವಾಟರ್ ಮೆಟ್ರೋ ದೋಣಿ ಮೊದಲೇ ಇತ್ತು, 2025ರ ಅಕ್ಟೋಬರ್‌ನಲ್ಲಿ ಮಟ್ಟಂಚೇರಿಯಲ್ಲೂ ಟರ್ಮಿನಲ್ ತೆರೆದಿದೆ.

ವಾರದ ಲೆಕ್ಕ ತಪ್ಪಿದರೆ ಓಣಿಗೆ ಕೊಟ್ಟ ಹೆಚ್ಚಿನ ದುಡ್ಡು ದಂಡ. ಸಿನಗಾಗ್ ಪಕ್ಕದ ಡಚ್ ಪ್ಯಾಲೇಸ್ ಮ್ಯೂಸಿಯಂಗೆ ಶುಕ್ರವಾರ ರಜೆ. ಸಿನಗಾಗ್‌ಗೆ ಶನಿವಾರ ಪೂರ್ತಿ ರಜೆ, ಯಹೂದಿ ಹಬ್ಬಗಳಲ್ಲೂ ಮುಚ್ಚಿರುತ್ತದೆ, ಶುಕ್ರವಾರ ಮಧ್ಯಾಹ್ನದ ಮೇಲೆ ನಂಬಿಕೊಂಡು ಹೋಗಬೇಡಿ. ತೋಳಿಲ್ಲದ ಉಡುಪು, ಚಡ್ಡಿ ಬೇಡ. ಚಪ್ಪಲಿ ಹೊರಗೇ ಬಿಡಬೇಕು. ಚೀನಾದಿಂದ ಬಂದ ಕೈಚಿತ್ರದ ನೀಲಿ ಟೈಲ್ಸ್ ಮೇಲೆ ಬರಿಗಾಲಲ್ಲೇ ನಡೆಯುತ್ತೀರಿ.

ಮಂಡಿನೋವಿನ ಹಿರಿಯರು, ಪುಟ್ಟ ಮಕ್ಕಳು ಜೊತೆಗಿದ್ದರೆ ಫೋರ್ಟ್ ಕೊಚ್ಚಿಯೇ ಸರಿ. ಉಳಿದವರಿಗೆ, ಕೈ ಬಿಗಿಯಾಗಿದ್ದರೆ, ಶುಕ್ರವಾರ ರಾತ್ರಿ ಹೋಂಸ್ಟೇ, ಶನಿವಾರ ರಾತ್ರಿ ಓಣಿ. ಭಾನುವಾರ ಏಳಕ್ಕೆ ಓಣಿ ಸುತ್ತಿ, ತಿಂಡಿ ತಿಂದು, ಹತ್ತಕ್ಕೆ ಸಿನಗಾಗ್ ಬಾಗಿಲಲ್ಲಿ ಮೊದಲಿಗರಾಗಿ ನಿಲ್ಲಬಹುದು.