‘ಹತ್ತು ಪಾಯಿಂಟ್’ ಅಂದರೆ ಯಾವ ಸಿರಿಂಜಿನ ಹತ್ತು?

ಬಾಗಲಕೋಟೆ ನವನಗರದ ನಮ್ಮ ಜಿಮ್ಮಿನ ಗೆಳೆಯನೊಬ್ಬ ನೋಡನೋಡುತ್ತ ಹೊಟ್ಟೆ ಇಳಿಸಿದ್ದ. ಗುಟ್ಟು ಕೇಳಿದರೆ ಸೆಮಾಗ್ಲುಟೈಡ್ ಪುಡಿ, ಹಸಿವು ತಗ್ಗಿಸಿ ತೂಕ ಇಳಿಸುವ ಇಂಜೆಕ್ಷನ್ ಔಷಧ. ಅದೇ ಔಷಧ ತುಂಬಿ ಬರುವ ಇಂಜೆಕ್ಷನ್ ಪೆನ್ನಿನ ರೇಟಿಗೆ ಹೆದರಿ ನಾನೂ ಅವನ ಕಡೆಯಿಂದಲೇ ಒಂದು ಸೀಸೆ ತರಿಸಿದೆ. ಮೇ ತಿಂಗಳ ಬಿಸಿಲಲ್ಲಿ ಕೊರಿಯರ್ ಗಾಡಿಯೊಳಗೆ ಬೆಂದು ಬಂದ ಸೀಸೆ. ಕಂಪನಿ ಹೆಸರಿಲ್ಲ, ಬ್ಯಾಚ್ ನಂಬರಿಲ್ಲ, ಬರೀ ‘5 ಎಂಜಿ’ ಅಂತ ಒಂದು ಚೀಟಿ. ಅಲ್ಲೇ ಬಿಡಬೇಕಿತ್ತು.

“ನೀರ್ ಹಾಕಿ ಕಲಸು, ವಾರಕ್ಕ ಹತ್ತ್ ಪಾಯಿಂಟ್ ಚುಚ್ಚಗೋ.” ಅವನು ಹೇಳಿದ್ದು ಇಷ್ಟೇ. ಅವನು ಹಾಕುತ್ತಿದ್ದದ್ದು 2 ಎಂಎಲ್ ನೀರು. ನಾನು 1 ಎಂಎಲ್ ಹಾಕಿದೆ. ಪುಡಿ ಅಷ್ಟೇ ಇದೆಯಲ್ಲ, ನೀರು ಎಷ್ಟಿದ್ದರೇನು ಅಂತ. ಕೆಮ್ಮಿನ ಔಷಧದಂತೆ ಗಲಗಲ ಅಲುಗಾಡಿಸಿದೆ, ಮೇಲೆಲ್ಲ ನೊರೆ ಕಟ್ಟಿತು. ಫ್ರಿಜ್ಜಿನ ಬಾಗಿಲಲ್ಲಿ ಅವ್ವನ ಇನ್ಸುಲಿನ್ ಪಕ್ಕ ಕೆಂಪು ಮುಚ್ಚಳದ ಸಿರಿಂಜ್ ಇದ್ದವು. ಒಂದು ತಗೊಂಡು ಹತ್ತನೇ ಗೆರೆಗೆ ಎಳೆದು ಹೊಟ್ಟೆಗೆ ಚುಚ್ಚಿಕೊಂಡೆ.

ಮರುದಿನ ಇಳಕಲ್ಲಿನಲ್ಲಿ ಮದುವೆ. ಮಾದಲಿಗೆ ತುಪ್ಪ ಬಡಿಸುವಾಗಿನ ವಾಸನೆಗೇ ಪಂಕ್ತಿಯಿಂದ ಎದ್ದು ಓಡಿದೆ. ಬುಧವಾರದವರೆಗೆ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಕೊನೆಗೆ ಆಸ್ಪತ್ರೆ, ಸಲೈನ್.

ಡಾಕ್ಟರು ಮೊದಲು ಶುಗರ್ ನೋಡಿದರು, ಆಮೇಲೆ ಸೀಸೆ, ಸಿರಿಂಜ್ ಎರಡನ್ನೂ ತರಿಸಿದರು. ಸಿರಿಂಜನ್ನು ಬೆಳಕಿಗೆ ಹಿಡಿದು ತೋರಿಸಿದರು: ಗೆರೆಗಳ ಪಕ್ಕ ಸಾಸಿವೆಕಾಳಿನಷ್ಟು ಅಕ್ಷರದಲ್ಲಿ ‘ಯು-40’. ಅದರಲ್ಲಿ 40 ಯೂನಿಟ್ ಸೇರಿದರೆ 1 ಎಂಎಲ್. ಗೆಳೆಯನದು ಕಿತ್ತಳೆ ಮುಚ್ಚಳದ ಯು-100. ಅವನ ಹತ್ತು 0.1 ಎಂಎಲ್, ನನ್ನ ಹತ್ತು 0.25. ಅವನಿಗೆ ಹೋಗಿದ್ದು 0.25 ಎಂಜಿ, ಡಾಕ್ಟರು ಮೊದಲ ನಾಲ್ಕು ವಾರಕ್ಕೆ ಬರೆಯುವಷ್ಟು. ನನ್ನ ದ್ರಾವಣ ಅದಕ್ಕಿಂತ ಇಮ್ಮಡಿ ಗಟ್ಟಿ, ಸೇರಿ 1.25 ಎಂಜಿ. ಐದು ಪಟ್ಟು! ಅದೂ ಚೀಟಿ ನಿಜ ಹೇಳಿದ್ದರೆ.

“ಮೊಸರಿಗೆ ಅರ್ಧಾ ನೀರ್ ಹಾಕಿದ್ರ ಮಜ್ಜಿಗಿ ಗಟ್ಟಿ ಆಗಂಗಿಲ್ಲೇನು?” ಅಂದಳು ಹೆಂಡತಿ. ನಾನು ಬಿ.ಕಾಂ. ಓದಿದವನು.

ಇದನ್ನು ಇಳಿಸುವ ಪ್ರತ್ಯೌಷಧ ಇಲ್ಲವಂತೆ. ಒಂದು ವಾರ ಕಳೆದರೂ ಅರ್ಧ ಮೈಯಲ್ಲೇ ಇರುತ್ತದೆ, ಹಾಗಾಗಿ ಹತ್ತು ದಿನ ಗಂಜಿ ಕುಡಿದೆ. 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದೇ ಔಷಧವನ್ನು ಸೀಸೆಯಿಂದ ಎಳೆದುಕೊಳ್ಳುವವರು ಯೂನಿಟ್, ಎಂಎಲ್, ಎಂಜಿ ಗೊಂದಲದಲ್ಲಿ 5ರಿಂದ 20 ಪಟ್ಟು ಚುಚ್ಚಿಕೊಂಡದ್ದನ್ನು ಹೇಳಿ ಎಚ್ಚರಿಸಿತ್ತು. ನಾನು ಓದಿದ್ದು ಬೆಡ್ ಮೇಲೆ ಮಲಗಿ.

ಇನ್ನೊಂದು. ನಾನು ತಂದದ್ದು ಇಂಜೆಕ್ಷನ್‌ಗೆ ಬಳಸುವ ಮಾಮೂಲಿ ಆಂಪ್ಯೂಲ್ ನೀರು. ಅದರಲ್ಲಿ ಕೆಡದಂತೆ ಕಾಯುವ ಬೆಂಜೈಲ್ ಆಲ್ಕೋಹಾಲ್ ಇರುವುದಿಲ್ಲ, ಒಂದೇ ಸಲದ ಬಳಕೆಗೆ ಅಂತ ಮಾಡಿದ್ದು. ಅದರಲ್ಲಿ ಕಲಸಿದ್ದನ್ನು ತಿಂಗಳಿಟ್ಟು ಚುಚ್ಚಿಕೊಳ್ಳುವವನಿದ್ದೆ.

ಆ ಗೆಳೆಯನ ಕಡೆಯಿಂದ ಇನ್ನೂ ನಾಲ್ವರು ತರಿಸಿದ್ದಾರೆ. ಮೂವರಿಗೆ ಫೋನ್ ಮಾಡಿದೆ, ಒಬ್ಬ ಎತ್ತುತ್ತಿಲ್ಲ. ಅವನ ಮನೆಯಲ್ಲೂ ಶುಗರ್ ಇರುವ ಅಪ್ಪ ಇದ್ದಾರೆ.