ಕೆರೆ ಸರ್ವೆಯ ರಿಮೋಟ್ ದೋಣಿ: ಬಾಡಿಗೆಗೆ ತರುವ ಮುನ್ನ

ಬೆಂಗಳೂರಿನ ಕೆರೆಗಳ ಹೂಳು ಅಳೆಯಲು ಬಾಡಿಗೆಗೆ ಸಿಗುವ, ಎರಡು ಫ್ರೀಕ್ವೆನ್ಸಿಯ ಎಕೋ ಸೌಂಡರ್ (ಧ್ವನಿ ಕಳಿಸಿ, ಅದು ವಾಪಸ್ ಬರುವ ಸಮಯದಿಂದ ಆಳ ಅಳೆಯುವ ಯಂತ್ರ) ಕೂರಿಸಿದ ರಿಮೋಟ್ ದೋಣಿ ಒಟ್ಟಾರೆ ಒಳ್ಳೆಯ ಸಾಧನ. ಸಮುದ್ರದಲ್ಲಿ ಸರ್ವೆ ಹಡಗು ಮಾಡುವ ಕೆಲಸವನ್ನೇ ಇದು ಎದೆಮಟ್ಟದ ನೀರಲ್ಲಿ ಮಾಡುತ್ತದೆ. 200 ಕಿಲೋಹರ್ಟ್ಸ್ ಧ್ವನಿ ಮೆದು ಕೆಸರಿನ ಮೇಲ್ಮೈಗೇ ಬಡಿದು ವಾಪಸ್ ಬರುತ್ತದೆ. 33 ಕಿಲೋಹರ್ಟ್ಸ್ ಕೆಸರು ತೂರಿ ಗಟ್ಟಿ ನೆಲ ಮುಟ್ಟುತ್ತದೆ. ಎರಡರ ವ್ಯತ್ಯಾಸವೇ ಹೂಳಿನ ದಪ್ಪ.

ಇದೆಲ್ಲ ಕಾಗದದ ಮೇಲೆ. ಒಳಚರಂಡಿ ನೀರು ಸೇರುವ ಕೆರೆಯ ಕೆಸರಲ್ಲಿ ಮೀಥೇನ್ ಗುಳ್ಳೆ ತುಂಬಿದ್ದರೆ 33 ಕೂಡ ಒಳಗಿಳಿಯದು, ಪರದೆಯಲ್ಲಿ ಹೂಳೇ ಇಲ್ಲವೆಂಬಂತೆ ಕಾಣುತ್ತದೆ. ಅಂಥ ಕಡೆ ಅಳತೆ ಕೋಲು ಚುಚ್ಚಿಯೇ ನೋಡಬೇಕು.

ಹೆಚ್ಚಾಗಿ ಕೈಕೊಡುವುದು ಸೆಟ್ಟಿಂಗ್. ನೀರು 20 ಡಿಗ್ರಿ ಇದ್ದರೆ ಅದರಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1482 ಮೀಟರ್. ಯಂತ್ರದಲ್ಲಿ ಸಮುದ್ರದ 1500 ಹಾಗೇ ಬಿಟ್ಟರೆ 4 ಮೀಟರ್ ಆಳ 5 ಸೆಂ.ಮೀ. ಹೆಚ್ಚು ತೋರಿಸುತ್ತದೆ. ಅಷ್ಟೇ ತಾನೆ ಅನ್ನಬೇಡಿ: 100 ಎಕರೆ ಕೆರೆಯಲ್ಲಿ ಅದು ಸುಮಾರು 20,000 ಘನ ಮೀಟರ್, ಹೂಳೆತ್ತಿದವರ ಬಿಲ್ಲು ಉಬ್ಬಿಸಲು ಧಾರಾಳ ಸಾಕು! ಕೆಲಸ ಶುರುವಾಗುವಾಗ, ಮುಗಿದ ಮೇಲೆ ಲೋಹದ ತಟ್ಟೆಯನ್ನು ಹಗ್ಗದಲ್ಲಿ 1, 2, 3 ಮೀಟರಿಗೆ ಇಳಿಸಿ ತಾಳೆ ನೋಡಿಸಿ. ನಡುವೆ ಬೇರೆ ತೂಕದ ಬ್ಯಾಟರಿ ಹಾಕಿದರೆ ದೋಣಿ ಮುಳುಗುವ ಮಟ್ಟ ಬದಲಾಗುತ್ತದೆ, ಆಗಲೂ.

ಅಂತರಗಂಗೆಯ ಬೇರು ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಬಲೆ ಕವಚವಿರುವ ಮಾದರಿಯನ್ನೇ ಕೇಳಿ. ಬಣ್ಣದ ನಕ್ಷೆಯೊಂದನ್ನೇ ಕೊಟ್ಟು ಕೈತೊಳೆದುಕೊಳ್ಳುವವರಿಗೆ, ಮೂಲ ದತ್ತಾಂಶದ ಫೈಲ್ ಬರುವವರೆಗೆ ಕೊನೆಯ ಕಂತು ಕೊಡಬೇಡಿ.