ಫ್ರೂಮ್ ಅಥವಾ ಇನೋ: ಯಾರನ್ನು ನೋಡಿ ಕಲಿಯಬೇಕು?

ಕುಮಟಾದಿಂದ ದೇವಿಮನೆ ಘಾಟಿ ಹತ್ತಿ ಶಿರಸಿ ಸೇರುವ ಯುವ ಸೈಕಲ್ ಸವಾರರಿಗೆ ಬ್ರಿಟನ್ನಿನ ಸೈಕಲ್ ಓಟಗಾರ ಕ್ರಿಸ್ ಫ್ರೂಮ್ ಒಳ್ಳೆಯ ಗುರು. ದೀರ್ಘ ಏರಿನಲ್ಲಿ ಶಕ್ತಿಯನ್ನು ಅಳೆದು ಬಳಸುವ ಶಿಸ್ತಿನಿಂದಲೇ ಅವರು ಮೂರು ವಾರಗಳ ಸೈಕಲ್ ಓಟವಾದ ಟೂರ್ ದ ಫ್ರಾನ್ಸ್ ಅನ್ನು 4 ಸಲ ಗೆದ್ದರು. ಆದರೆ ಏಕದಿನದ ಐದು ಮಹಾ ಓಟಗಳಲ್ಲಿ ಒಂದೂ ಅವರಿಗೆ ಒಲಿಯಲಿಲ್ಲ. ಮೂರು ವಾರಗಳ ಓಟದಲ್ಲಿ ಇಂದು ಕಳೆದುಕೊಂಡ ನಿಮಿಷವನ್ನು ನಾಳೆ ಗಳಿಸಬಹುದು. ಏಕದಿನದ ಓಟದಲ್ಲಿ ನಾಳೆಯೇ ಇಲ್ಲ.

ಫ್ರಾನ್ಸಿನ ಬರ್ನಾರ್ ಇನೋ ಎರಡೂ ಬಗೆಯ ಓಟಗಳನ್ನು ಗೆದ್ದವರು. 5 ಟೂರ್‌ಗಳ ಜೊತೆಗೆ, 1980ರಲ್ಲಿ ಹಿಮ ಸುರಿಯುತ್ತಿದ್ದಾಗ ಬೆಲ್ಜಿಯಂನ ಏಕದಿನದ ಲಿಯೇಜ್–ಬಾಸ್ತೋನ್–ಲಿಯೇಜ್ ಓಟವನ್ನು 9 ನಿಮಿಷಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಆ ಚಳಿ ಅವರ ಬೆರಳುಗಳನ್ನು ಶಾಶ್ವತವಾಗಿ ಘಾಸಿಗೊಳಿಸಿತು! ತಮಗೆ ಇಷ್ಟವೇ ಇಲ್ಲದ, ಕಲ್ಲುಹಾಸಿನ ರಸ್ತೆಗಳ ಏಕದಿನದ ಓಟ ಪ್ಯಾರಿಸ್–ರೂಬೆಯನ್ನೂ 1981ರಲ್ಲಿ ಗೆದ್ದರು.

ಘಾಟಿಯಷ್ಟೇ ಗುರಿಯಾದರೆ ಫ್ರೂಮ್ ಸಾಕು. ಕಾರವಾರದ ಮಳೆಗಾಳಿಯಲ್ಲೂ ಓಟಕ್ಕಿಳಿಯುವವರಿಗೆ ನಾನು ಇನೋ ಅವರನ್ನೇ ಹೇಳುತ್ತೇನೆ.